ಐನೋರು ಇಳಿಸಿದ ಬೋರ್ಡು

ಹೋದ ತಿಂಗಳು ಮುಳಬಾಗಿಲಿನಲ್ಲಿ, ನಮ್ಮ ಐನೋರ ಮನೆಯ ನಡುಮನೆಯಲ್ಲಿ, ಒಂದು ಮೇಜನ್ನು ಬೋರಲು ಹಾಕಿದೆ. ಅಷ್ಟೇ ನಾನು ಮಾಡಿದ್ದು. ಬಾಗಿಲು ಕಿರಿದು, ಮೇಜು ಅಗಲ, ಕಾಲು ಬಿಚ್ಚದೆ ಹೊರಗೆ ಬರುವ ಹಾಗಿರಲಿಲ್ಲ. ಬೋರಲು ಹಾಕಿದಾಗ ಹಲಗೆಯ ಅಡಿಭಾಗ ಕಂಡಿತು. ಕಂಡದ್ದೇ ತಡ, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗೂಡ್ಸ್ ಆಟೋದವನು ಇವನಿಗೆ ಬಿಪಿ ಇರಬೇಕು ಅಂದುಕೊಂಡು ನೀರಿಗೆ ಓಡಿದ. ನನಗೆ ಬಿಪಿಯೂ ಇಲ್ಲ, ಶುಗರೂ ಇಲ್ಲ. ನಲವತ್ತೆರಡು ವರ್ಷದ ಗಟ್ಟಿ ಆಸಾಮಿ, ಕೋಲಾರದಲ್ಲಿ ವಕೀಲ. ಜಡ್ಜು ಗದರಿದರೂ ಕದಲುವವನಲ್ಲ. ಅವತ್ತು ಮಾತ್ರ ಆ ಹಲಗೆಯನ್ನೇ ನೋಡುತ್ತಾ ಕೂತಿದ್ದೆ.

ಐನೋರು ತೀರಿಕೊಂಡ ಮೇಲೆ, ಅವರ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಪುಟ್ಟ ಪುಸ್ತಕ ತರುತ್ತೇವೆ, ನೀನೂ ನಾಲ್ಕು ಮಾತು ಬರೆದುಕೊಡು ಅಂದಿದ್ದರು. ಆಗ ಒಪ್ಪಿಕೊಂಡೆ. ಈಗ ಬರೆಯಲು ಕೂತರೆ ಸರಳ ಜೀವಿ, ಶಿಸ್ತಿನ ಸಿಪಾಯಿ ಅನ್ನುವಂಥ ನಾಲ್ಕು ಮಾತು ಬರುತ್ತಿಲ್ಲ. ಬರುತ್ತಿರುವುದು ಇದು. ಮೊದಲೇ ಹೇಳಿಬಿಡುತ್ತೇನೆ: ಆ ಮನುಷ್ಯನಿಗೆ ನಾನು ದ್ರೋಹ ಮಾಡಿದ್ದೇನೆ. ಗೊತ್ತಿಲ್ಲದೆ ಮಾಡಿದೆ. ಗೊತ್ತಿರಲಿಲ್ಲ ಸ್ವಾಮಿ ಅನ್ನುವ ಮಾತು ಕೋರ್ಟಿನಲ್ಲಿ ಒಂದೊಂದು ಸಲ ನಡೆಯುತ್ತದೆ, ನನ್ನ ಹೊಟ್ಟೆಯೊಳಗೆ ನಡೆಯುತ್ತಿಲ್ಲ.

ಐನೋರು ಅಂದರೆ ಟೈಪಿಂಗ್ ಐನೋರು. ಅವರ ಅಪ್ಪ, ಅಜ್ಜ ಎಲ್ಲ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡಿದ್ದವರು. ಇವರು ಗಂಟೆ ಬಿಟ್ಟು ಟೈಪ್‌ರೈಟರ್ ಹಿಡಿದರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ, ಹನ್ನೊಂದು ಮಿಷನ್ನು, ಒಂದು ಗೋಡೆ ಗಡಿಯಾರ. ಮೂವತ್ತು ವರ್ಷ ಅದೇ ಮಹಡಿ. ನಾನು ಬೈರಕೂರಿನವನು. ಬೆಳಗಿನ ಮೊದಲ ಬಸ್ಸಿಗೆ ಟೊಮೆಟೊ ಕ್ರೇಟುಗಳ ಮಧ್ಯೆ ಒಂಟಿ ಕಾಲಲ್ಲಿ ನಿಂತು ಬರುತ್ತಿದ್ದೆ. ಮೆಟ್ಟಿಲು ಹತ್ತಿದ ತಕ್ಷಣ ಐನೋರು ಎರಡೂ ಕೈ ಚಾಚು ಅನ್ನುವರು. ಉಗುರಲ್ಲಿ ಮಣ್ಣಿದ್ದರೆ ಮತ್ತೆ ಕೆಳಗಿಳಿದು ನಲ್ಲಿಗೆ ಹೋಗಬೇಕು. ಹೊಲದಲ್ಲಿ ಸಾಯಂಕಾಲದವರೆಗೂ ಕಳೆ ಕಿತ್ತವನ ಉಗುರು ಎಷ್ಟು ತೊಳೆದರೂ ಅಷ್ಟೇ. ಮೂರನೇ ದಿನ ಅಮ್ಮಾವ್ರು, ಅಂದರೆ ಅವರ ಹೆಂಡತಿ, ಒಂದು ಹಳೇ ಹಲ್ಲುಜ್ಜೋ ಬ್ರಷ್ಷು ತಂದುಕೊಟ್ಟರು. ಅವರು ಕೊಡುತ್ತಿದ್ದದ್ದು ಬ್ರಷ್ಷು ಒಂದೇ ಅಲ್ಲ. ದೂರದೂರಿಂದ ಬರುವ ನಮ್ಮಂಥ ನಾಲ್ಕೈದು ಜನಕ್ಕೆ ಅವರ ಮನೆಯಲ್ಲಿ ಉಪ್ಪಿಟ್ಟು ಇರುತ್ತಿತ್ತು. ಒಂದು ವರ್ಷ ಅವರ ಕೈಯ ಉಪ್ಪಿಟ್ಟು ತಿಂದೆ. ಅಮ್ಮಾವ್ರ ಹೆಸರೇನು ಅಂತ ಒಂದು ದಿನವಾದರೂ ಕೇಳಿದ್ದೆನೇ? ಇಲ್ಲ. ಇದು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ತಿಳಿಯುತ್ತದೆ.

ಐನೋರು ಸಣ್ಣಗೆ ಉದ್ದಕ್ಕಿದ್ದರು. ಹೆಗಲ ಮೇಲೆ ಸದಾ ಒಂದು ಟವೆಲ್. ಪಾಠ ಮಾಡುವಾಗ ಆ ಟವೆಲ್ಲನ್ನು ನಮ್ಮ ಕೈ ಮೇಲೆ, ಮಿಷನ್ನಿನ ಮೇಲೆ ಹೊದಿಸಿಬಿಡುವರು, ಕೀ ನೋಡಿಕೊಂಡು ಹೊಡೆಯಬಾರದು ಅಂತ. ಇನ್ನೊಂದು ಚಟ ಏನೆಂದರೆ, ಏನಾದರೂ ಓದಿದರೆ, ಕೇಳಿದರೆ, ಅವರ ಬೆರಳುಗಳು ತೊಡೆಯ ಮೇಲೆ ಅದನ್ನು ಟೈಪ್ ಮಾಡುತ್ತಿದ್ದವು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಹಾದುಹೋಗುವ ಅಂಗಡಿ ಬೋರ್ಡುಗಳೆಲ್ಲ ಅವರ ಪಂಚೆಯ ಮೇಲೆ ಟೈಪಾಗುತ್ತಿದ್ದವು. ಪಕ್ಕದಲ್ಲಿ ಕೂತವರು, ಪಾಪ ಏನೋ ನರದ ತೊಂದರೆ ಅಂತ ಮರುಗಿದ್ದೂ ಉಂಟು.

ಬೋರ್ಡು ಓದುವುದು ಅವರಿಗೆ ವ್ರತ. ಯಾರಾದರೂ ಕೋಲಾರಕ್ಕೆ ಹೋಗಿದ್ದೆ ಅಂದರೆ ಸಾಕು, ಅಲ್ಲಿ ಸರ್ಕಲ್ಲಿನಲ್ಲಿ ಹೊಸ ಅಂಗಡಿ ಬಂದಿದೆಯಲ್ಲ, ಬೋರ್ಡ್ ಓದಿದ್ಯಾ ಅನ್ನುವರು. ಇಲ್ಲ ಸಾರ್ ಅಂದವನು ‘ನಾನು ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡಿದೆ’ ಅಂತ ಇಪ್ಪತ್ತು ಸಲ ಟೈಪ್ ಮಾಡಬೇಕು. ನಾನು ಆ ವರ್ಷ ಎಷ್ಟು ಸಲ ನಿದ್ದೆ ಮಾಡಿದೆನೋ ಲೆಕ್ಕವಿಲ್ಲ. ಆ ಒಂದು ವಾಕ್ಯವನ್ನು ಮಾತ್ರ ಇವತ್ತಿಗೂ ಕಣ್ಣು ಮುಚ್ಚಿ ಹೊಡೆಯುತ್ತೇನೆ.

ಆಮೇಲೆ ಕಂಪ್ಯೂಟರ್ ಬಂತು, ಟೈಪಿಂಗ್ ಕಲಿಯುವವರು ಕರಗಿದರು. ಹನ್ನೊಂದು ಮಿಷನ್ನೂ ಗುಜರಿಗೆ ಹೋದವು. ಐನೋರು ಮಹಡಿ ಖಾಲಿ ಮಾಡಿ ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡರು. ಮದುವೆ ಪತ್ರಿಕೆಯೋ ಪಹಣಿ ಅರ್ಜಿಯೋ ಹೊಡೆದುಕೊಂಡು ಇರುತ್ತಾರೆ ಅಂದುಕೊಂಡರೆ, ಹೆಸರುಗಳ ವ್ಯಾಪಾರ ಶುರು ಮಾಡಿದರು. ಇಂಟರ್ನೆಟ್ಟಿನಲ್ಲಿ ಪ್ರತಿ ಅಂಗಡಿಗೂ ಒಂದು ವಿಳಾಸದ ಹೆಸರು ಬೇಕಲ್ಲ, ಡೊಮೇನ್ ಅಂತಾರಲ್ಲ, ಅದು. ಯಾರು ಮೊದಲು ಹೋಗಿ ಬರೆಸುತ್ತಾರೋ ಅವರದು. ಆಮೇಲೆ ಬೇಕಾದವರು ಇವರಿಂದ ಕೊಳ್ಳಬೇಕು. ಊರವರಿಗೆ ಇದು ಅರ್ಥವಾಗಲಿಲ್ಲ. ಗಾಳಿ ಮಾರುತ್ತಾರೆ ಐನೋರು ಅಂತ ನಕ್ಕರು.

ನನಗೂ ಅರ್ಥವಾಗಿರಲಿಲ್ಲ. ಆಗ ಅವರು ಹೆಗಲ ಟವೆಲ್ ಕೈಗೆ ತಗೊಂಡು ಹೇಳಿಕೊಟ್ಟರು. ನಂಗಲಿ ಬಸ್ಸು ಬಂದ ತಕ್ಷಣ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಇದೂ ಅಷ್ಟೇ.

‘ಖಾಲಿ ಸೀಟಿಗೆ ಟವೆಲ್ ಹಾಕಬಹುದು ಕಣೋ. ಕೂತಿರೋನ ತೊಡೆ ಮೇಲೆ ಹಾಕೋ ಹಾಗಿಲ್ಲ. ಅವನು ನಿಧಾನಕ್ಕೆ ಹತ್ತಿದ್ದಾನೆ, ಟವೆಲ್ ತಂದಿಲ್ಲ, ಆದ್ರೂ ಸೀಟು ಅವನದೇ.’

ಮುಂದೆ ನಾನು ಟ್ರೇಡ್‌ಮಾರ್ಕ್ ಕಾನೂನು ಅಂತ ದಪ್ಪ ದಪ್ಪ ಪುಸ್ತಕ ಓದಿದೆ. ಒಬ್ಬರು ಹೆಸರು ಮಾಡಿಕೊಂಡು ವ್ಯಾಪಾರ ನಡೆಸುತ್ತಿದ್ದರೆ ಆ ಹೆಸರನ್ನು ಇನ್ನೊಬ್ಬ ಇಂಟರ್ನೆಟ್ಟಿನಲ್ಲಿ ಹಿಡಿದಿಟ್ಟುಕೊಂಡು ಮಾರುವುದು ತಪ್ಪು ಅನ್ನುವುದನ್ನು ಆ ಪುಸ್ತಕಗಳು ನೂರು ಪುಟದಲ್ಲಿ ಹೇಳಿದರೆ, ಐನೋರು ಒಂದು ಟವೆಲ್ಲಿನಲ್ಲಿ ಹೇಳಿದ್ದರು.

ಸೀಟು ಖಾಲಿ ಇದೆಯೋ ಇಲ್ಲವೋ ನೋಡುವುದಕ್ಕೆ ಅವರದೇ ಒಂದು ಪದ್ಧತಿ. ಹೆಸರು ಕೊಳ್ಳುವ ಮುಂಚೆ ಮುಳಬಾಗಿಲಿಂದ ಶ್ರೀನಿವಾಸಪುರ, ಅಲ್ಲಿಂದ ಕೋಲಾರ, ಅಲ್ಲಿಂದ ಮಾಲೂರು, ಬಸ್ಸಿನಲ್ಲಿ ಒಂದು ಸುತ್ತು. ಎಲ್ಲ ಬಜಾರುಗಳ ಎಲ್ಲ ಬೋರ್ಡುಗಳನ್ನೂ ಓದಿ ಬರುವರು. ಒಂದು ಪೆಟ್ಟಿಗೆ ಅಂಗಡಿಯ ತಗಡಿನ ಮೇಲೆ ಆ ಹೆಸರು ಕಂಡರೂ ಮುಗಿಯಿತು, ಅದನ್ನು ಮುಟ್ಟುತ್ತಿರಲಿಲ್ಲ. ಹೆಸರು ಯಾರದು ಅಂದರೆ ಬೋರ್ಡು ಹಾಕಿದವನದು, ಅಷ್ಟೇ ಅವರ ಕಾಯಿದೆ. ದೆಹಲಿಯಲ್ಲಿ, ಚೆನ್ನೈಯಲ್ಲಿ ಟ್ರೇಡ್‌ಮಾರ್ಕ್ ಕಚೇರಿಗಳಿವೆ, ಅಲ್ಲಿ ರಿಜಿಸ್ಟರಿನಲ್ಲಿ ಹುಡುಕಬೇಕು ಸಾರ್ ಅಂತ ನಾನು ಎಷ್ಟು ಹೇಳಿದರೂ, ಅದನ್ನೂ ನೋಡೋಣ, ಮೊದಲು ಬೋರ್ಡು ಅನ್ನುವರು.

ಒಂದು ಸಲ ನಾನೂ ಜೊತೆಗಿದ್ದೆ. ಒಂದು ಚೆಂದದ ಹೆಸರು ಮನಸ್ಸಿನಲ್ಲಿಟ್ಟುಕೊಂಡು ಹೊರಟಿದ್ದರು. ವಕ್ಕಲೇರಿ ಹತ್ತಿರ ಒಂದು ಪಂಕ್ಚರ್ ಅಂಗಡಿಯ ಮುಂದೆ, ಟೈರಿಗೆ ಒರಗಿಸಿದ್ದ ಹಲಗೆಯ ಮೇಲೆ ಅದೇ ಹೆಸರು ಕಂಡಿತು. ಐನೋರು ಬಸ್ಸು ನಿಲ್ಲಿಸಿ ಇಳಿದೇಬಿಟ್ಟರು. ನನಗೆ ಸಿಟ್ಟು, ಮುಂದಿನ ಬಸ್ಸು ಇನ್ನೆಷ್ಟೊತ್ತಿಗೋ. ಪಂಕ್ಚರ್ ಹಾಕುವವನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಿಮ್ಮ ಹೆಸರು ಇಂಟರ್ನೆಟ್ಟಿನಲ್ಲಿ ಖಾಲಿ ಬಿದ್ದಿದೆ, ಬರೆಸಿಕೊಳ್ಳಿ ಅಂತ ಬೋಧನೆ. ಅವನು ಪಂಚಾಯ್ತಿಯಿಂದ ಬೋರ್ಡಿನ ಕಂದಾಯ ಕೇಳಲು ಬಂದಿದ್ದಾರೆ ಅಂದುಕೊಂಡು, ಪನ್ನು ಕಟ್ಟೇಸಿನಾ ಸಾಮೀ ಅಂತ, ಕಂದಾಯ ಕಟ್ಟಾಗಿದೆ ಅಂತ, ತೆಲುಗಿನಲ್ಲಿ ಕೈಮುಗಿದ. ಕೊನೆಗೆ ಐನೋರೇ ಆ ಹೆಸರನ್ನು ಅವನ ಹೆಸರಿಗೆ ಬರೆಸಿಕೊಟ್ಟರು. ಆ ಪಂಕ್ಚರ್ ಅಂಗಡಿಗೆ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಒಂದು ಪುಟ ಇದೆ, ಅದನ್ನು ಅವನು ಒಂದು ಸಲವೂ ನೋಡಿಲ್ಲ.

ಹಾಗಂತ ವ್ಯಾಪಾರ ಗೊತ್ತಿರಲಿಲ್ಲ ಅಂತಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯವರಿಗೆ ಮಾವು, ತೋಟ, ರಸ ಅನ್ನುವ ಪದಗಳು ಸೇರಿದ ಹೆಸರುಗಳನ್ನು ಒಳ್ಳೆ ಬೆಲೆಗೇ ಮಾರಿದರು. ಮಾವಿನಹಣ್ಣು ಅನ್ನೋ ಪದ ಯಾರಪ್ಪನ ಸ್ವತ್ತೂ ಅಲ್ಲ, ಅದು ಬೀದಿ ಇದ್ದ ಹಾಗೆ, ಅದಕ್ಕೆ ಯಾರೂ ದಾವೆ ಹಾಕೋ ಹಾಗಿಲ್ಲ ಅನ್ನುವರು. ಮಾಲೂರಿನ ಒಬ್ಬ ಮೊಬೈಲ್ ಅಂಗಡಿಯವನು ಮಾತ್ರ ಇವರ ಹತ್ತಿರ ಬಂದು ಚೆನ್ನಾಗಿ ಉಗಿಸಿಕೊಂಡ. ದೊಡ್ಡ ದೊಡ್ಡ ಫೋನ್ ಕಂಪನಿಗಳ ಹೆಸರಿನಲ್ಲಿ ಒಂದೊಂದು ಅಕ್ಷರ ಆಚೀಚೆ ಮಾಡಿ ಒಂದು ರಾಶಿ ಹೆಸರು ಬರೆಸಿಕೊಂಡಿದ್ದ, ಮಾರಿಸಿಕೊಡಿ ಅಂತ ಬಂದಿದ್ದ. ಇದು ಟವೆಲ್ ಹಾಕೋದಲ್ಲ, ಕೂತಿರೋನ ತೊಡೆ ಮೇಲೆ ಹತ್ತಿ ಕೂತು ಬಾಡಿಗೆ ಕೇಳೋದು ಅಂತ ಗದರಿ, ಅಷ್ಟೂ ಹೆಸರುಗಳನ್ನು ತಮ್ಮ ಎದುರಿಗೇ ಬಿಟ್ಟುಕೊಡಿಸಿದರು. ಅವನು ಹೋಗುವಾಗ ಗೊಣಗಿಕೊಂಡು ಹೋದ. ಆಮೇಲೆ ಅದೇ ಕೆಲಸ ಮಾಡಿದ್ದ ಅವನ ಭಾವನಿಗೆ ಕಂಪನಿಯಿಂದ ನೋಟಿಸ್ ಬಂತಂತೆ, ಆಗ ಬಂದು ಕಾಲಿಗೆ ಬಿದ್ದ.

ಇಂಥವರ ಕೈಯಲ್ಲಿ ಕಲಿತವನು ನಾನು. ಕೋಲಾರದಲ್ಲಿ ಆಸ್ತಿ ಪಾಲು, ಚೆಕ್ ಬೌನ್ಸ್ ಅಂತ ಓಡಾಡಿಕೊಂಡಿದ್ದವನನ್ನು, ಅದನ್ನೆಲ್ಲ ಮಾಡೋರು ನೂರು ಜನ ಇದ್ದಾರೆ, ನೀನು ಹೆಸರುಗಳ ಕಾಯಿದೆ ಹಿಡಿ ಅಂತ ಈ ದಾರಿಗೆ ಹಚ್ಚಿದವರು ಅವರೇ. ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಹಾಕಲು ಶುರು ಮಾಡಿದೆ. ಕೆಲಸ ಕೈಗೆ ಹತ್ತಿತು.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿ ನನ್ನ ಹತ್ತಿರ ಬಂತು. ಮಕ್ಕಳಿಗೆ ಫೋನಿನಲ್ಲೇ ಕೈಬರಹ, ಕೀಬೋರ್ಡು ಕಲಿಸುವ ಕಂಪನಿ. ‘ದಶಾಂಗುಲಿ’ ಅಂತ ಹೆಸರಿಟ್ಟಿದ್ದರು. ಹತ್ತು ಬೆರಳು. ಎಂಥಾ ಹೆಸರು ಅಂತ ನಾನೇ ಮೆಚ್ಚಿಕೊಂಡೆ. ರಿಜಿಸ್ಟರಿನಲ್ಲಿ ಹುಡುಕಿದೆ, ಯಾರದೂ ಇರಲಿಲ್ಲ. ಅರ್ಜಿ ಹಾಕಿದೆ, ಟ್ರೇಡ್‌ಮಾರ್ಕ್ ಸಿಕ್ಕಿತು. ಆದರೆ ಇಂಟರ್ನೆಟ್ಟಿನಲ್ಲಿ ಆ ಹೆಸರನ್ನು ಯಾರೋ ಎಷ್ಟೋ ವರ್ಷದ ಹಿಂದೆಯೇ ಹಿಡಿದಿಟ್ಟುಕೊಂಡಿದ್ದರು. ಆ ವಿಳಾಸ ತೆರೆದರೆ ‘ಈ ಹೆಸರು ಮಾರಾಟಕ್ಕಿರಬಹುದು’ ಅನ್ನುವ ಸಿದ್ಧ ಪುಟ ಒಂದು ಬರುತ್ತಿತ್ತು. ಕಂಪನಿಯವರು ಬೆಲೆ ಕೇಳಿ ಈಮೇಲ್ ಕಳಿಸಿದರು. ಇದು ಮಾರಾಟಕ್ಕಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು, ಕೆಳಗೆ ಹೆಸರಿಲ್ಲ. ಬೆಲೆ ಏರಿಸುವ ನಾಟಕ ಅಂತ ನಾನು ಹೇಳಿದೆ. ನಾನೇ ಹೇಳಿದೆ.

ಇಂಥ ಜಗಳಗಳಿಗೆ ಕೋರ್ಟಿಗೇ ಹೋಗಬೇಕಿಲ್ಲ, ಪಂಚಾಯ್ತಿ ಮಾಡುವುದಕ್ಕೆ ಒಬ್ಬ ಮಧ್ಯಸ್ಥರನ್ನು ನೇಮಿಸುತ್ತಾರೆ. ಡೊಮೇನ್ ವಿಷಯದಲ್ಲಿ ಅದು ನನ್ನ ಮೊದಲ ಕೇಸು. ಹುಮ್ಮಸ್ಸಿನಲ್ಲಿ ಐನೋರಿಗೆ ಫೋನ್ ಮಾಡಿದೆ. ಕಕ್ಷಿದಾರರ ಗುಟ್ಟು ಅಂತ ಹೆಸರು ಹೇಳಲಿಲ್ಲ. ಗೆಲ್ಲುವುದು ಹೇಗೆ ಅಂತಷ್ಟೇ ಕೇಳಿದೆ. ಅವರು ಮೂರು ಅಂಶ ಹೇಳಿಕೊಟ್ಟರು: ಎರಡೂ ಹೆಸರು ಒಂದೇ ಅಂತ ತೋರಿಸಬೇಕು, ಹಿಡಿದಿಟ್ಟುಕೊಂಡವನಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ ಅಂತ ತೋರಿಸಬೇಕು, ಕೆಟ್ಟ ಬುದ್ಧಿಯಿಂದ ಹಿಡಿದಿದ್ದಾನೆ ಅಂತ ತೋರಿಸಬೇಕು. ಎರಡನೇದರ ಮೇಲೆ ಗಟ್ಟಿಯಾಗಿ ನಿಲ್ಲು ಅಂದರು. ಆ ಹೆಸರಿನಲ್ಲಿ ಅವನು ಯಾವತ್ತಾದರೂ ಏನಾದರೂ ನಡೆಸಿದ್ದರೆ ನೀನು ಸೋತೆ.

ಅವನು ಏನೂ ನಡೆಸಿಲ್ಲ ಸಾರ್, ಇಂಟರ್ನೆಟ್ಟಿನಲ್ಲಿ ಪೂರಾ ಜಾಲಾಡಿದ್ದೀನಿ ಅಂದೆ.

‘ಬೋರ್ಡ್ ಓದಿದ್ಯಾ?’

ನಾನು ನಕ್ಕುಬಿಟ್ಟೆ. ಇದು ಬಸ್ಸಿನ ಕಾಲವಲ್ಲ ಸಾರ್ ಅಂದೆ. ಅವರೂ ನಕ್ಕರು.

ದೂರು ಬರೆದೆ. ದಾಖಲೆಯಲ್ಲಿ ಹೆಸರಿನ ಒಡೆಯರು ಅಂತ ಯಾರೋ ಒಬ್ಬ ಹೆಂಗಸಿನ ಹೆಸರು, ಮಾಲೂರಿನ ಒಂದು ವಿಳಾಸ ಇತ್ತು. ಅಂಚೆಯಲ್ಲಿ ಕಳಿಸಿದ ನೋಟಿಸು ಅಂಥವರು ಇಲ್ಲಿಲ್ಲ ಅಂತ ವಾಪಸ್ಸು ಬಂತು. ನನಗೆ ಹಬ್ಬವೋ ಹಬ್ಬ. ಹೆಸರುಗಳನ್ನು ಗುಡ್ಡೆ ಹಾಕಿಕೊಂಡು ಕಾಯುವ ದಂಧೆ, ಎದುರು ಪಾರ್ಟಿಗೂ ಈ ಹೆಸರಿಗೂ ಯಾವ ಜನ್ಮದ ನಂಟೂ ಇಲ್ಲ, ಅಷ್ಟೇ ಯಾಕೆ, ಇಂಥ ಹೆಂಗಸು ಇರುವುದೇ ಅನುಮಾನ, ಯಾರೋ ಬೇನಾಮಿ ಹೆಸರಿನಲ್ಲಿ ಹಿಡಿದಿದ್ದಾರೆ ಅಂತ ಬರೆದೆ. ಹತ್ತೂ ಬೆರಳಿನಿಂದ, ಕೀ ನೋಡದೆ, ಒಂದು ತಪ್ಪಿಲ್ಲದೆ ಬರೆದೆ. ದೂರಿನ ಪ್ರತಿ ಈಮೇಲಿನಲ್ಲೂ ಹೋಯಿತು. ಉತ್ತರ ಬರಲಿಲ್ಲ. ಕಾಲಾವಕಾಶ ಮುಗಿಯಿತು. ಹೆಸರು ಕಂಪನಿಗೆ ಸೇರಬೇಕು ಅಂತ ತೀರ್ಪಾಯಿತು.

ಸ್ವೀಟ್ ಡಬ್ಬಿ ಹಿಡಿದುಕೊಂಡು ಸೀದಾ ಮುಳಬಾಗಿಲಿಗೆ ಹೋದೆ. ಐನೋರು ಆ ಕಂಪ್ಯೂಟರ್ ಮೇಜಿನ ಮುಂದೆಯೇ ಕೂತಿದ್ದರು. ಕಾಲಿಗೆ ಬಿದ್ದು, ಗೆದ್ದೆ ಸಾರ್ ಅಂದೆ. ಏನು ಬರೆದಿದ್ಯೋ ಓದು, ಕೇಳೋಣ ಅಂದರು. ಗೆದ್ದಾಗಿದೆ, ಇನ್ನೇನು ಗುಟ್ಟು ಅಂತ ಓದಿದೆ. ಜೋರಾಗಿ ಓದಿದೆ. ಅವರ ಬೆರಳುಗಳು ಎಂದಿನಂತೆ ತೊಡೆಯ ಮೇಲೆ ಟೈಪ್ ಮಾಡುತ್ತಿದ್ದವು. ಎಲ್ಲೋ ಒಂದು ಕಡೆ ನಿಂತವು. ನಾನು ಗಮನಿಸಿದೆ, ವಯಸ್ಸಾಯಿತು ಅಂದುಕೊಂಡೆ. ಇಂಥ ಹೆಂಗಸು ಇರುವುದೇ ಅನುಮಾನ ಅನ್ನುವ ಸಾಲು ಓದುವ ಹೊತ್ತಿಗೆ ಅಮ್ಮಾವ್ರು ಕಾಫಿ ತಂದು ನನ್ನ ಮುಂದಿಟ್ಟರು. ಸಕ್ಕರೆ ಸಾಕಾ ನೋಡಪ್ಪ ಅಂದರು.

ಐನೋರು ಡಬ್ಬಿಯಿಂದ ಒಂದು ತುಂಡು ಮೈಸೂರು ಪಾಕ್ ತಗೊಂಡು ಬಾಯಿಗೆ ಹಾಕಿಕೊಂಡರು. ‘ಚೆನ್ನಾಗಿ ಬರೆದಿದ್ದೀಯ ಕಣೋ’ ಅಂದರು. ನಾನು ಕಾಫಿ ಕುಡಿದು ಲೋಟವನ್ನು ಆ ಮೇಜಿನ ಮೇಲಿಟ್ಟು ಬಸ್ಸಿಗೆ ಓಡಿದೆ.

ಆಮೇಲೆ ಅವರನ್ನು ನೋಡಿದ್ದು ಎರಡೇ ಸಲ. ಕೋಲಾರಕ್ಕೆ ಬರುವುದು ನಿಂತಿತ್ತು, ಬೋರ್ಡಿನ ಸುತ್ತು ನಿಂತಿತ್ತು. ಹೊಸ ಹೆಸರು ಏನು ಕೊಂಡ್ರಿ ಸಾರ್ ಅಂದರೆ, ಸಾಕಾಯ್ತು ಬಿಡೋ ಅಂದರು. ಈ ವರ್ಷ ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅಮ್ಮಾವ್ರು ಫೋನ್ ಮಾಡಿ, ಆ ಕಂಪ್ಯೂಟರ್ ಮೇಜು ನಿನಗೆ ಕೊಡಬೇಕು ಅಂತ ಹೇಳಿದ್ದಾರೆ, ತಗೊಂಡು ಹೋಗಪ್ಪ ಅಂದರು. ಹೋದೆ. ಕಾಲು ಬಿಚ್ಚಲು ಬೋರಲು ಹಾಕಿದೆ. ಹಲಗೆಯ ಅಡಿಗೆ ಹಸಿರು ಬಣ್ಣ. ಹಸಿರಿನ ಮೇಲೆ ಹಳದಿ ಅಕ್ಷರ, ಬ್ರಷ್ಷಿನಲ್ಲಿ ಬರೆದದ್ದು, ಒಂದಿಷ್ಟೂ ಮಾಸಿರಲಿಲ್ಲ.

ದಶಾಂಗುಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್, ಮುಳಬಾಗಿಲು.

ಆ ಬೋರ್ಡನ್ನು ನಾನು ನೋಡಿದ್ದೆ. ಅದೇ ಹಸಿರು ಬೋರ್ಡು, ಮಹಡಿ ಮೆಟ್ಟಿಲಿನ ಮೇಲೆ, ಕೆಳಗಿನ ಟೈಲರ್ ಅಂಗಡಿಯ ದೊಡ್ಡ ಬೋರ್ಡಿನ ಹಿಂದೆ ಅರ್ಧ ಮುಚ್ಚಿಕೊಂಡು ಇರುತ್ತಿತ್ತು. ಒಂದು ವರ್ಷ, ಪ್ರತಿದಿನ, ಅದರ ಕೆಳಗೆ ಹತ್ತಿ ಇಳಿದಿದ್ದೇನೆ. ಮೆಟ್ಟಿಲು ಕಡಿದಾದದ್ದು, ಕಣ್ಣು ಕಾಲ ಮೇಲೆ. ಊರೆಲ್ಲ ಅದನ್ನು ಐನೋರ ಟೈಪಿಂಗ್ ಅನ್ನುತ್ತಿತ್ತು, ಬಸ್ ಕಂಡಕ್ಟರೂ ಹಾಗೇ ಕೂಗುತ್ತಿದ್ದ. ನನಗೆ ಕೊಟ್ಟ ಸರ್ಟಿಫಿಕೇಟಿನ ಮೇಲೆ ಇಂಗ್ಲಿಷಿನಲ್ಲಿ ಡಿ.ಟಿ.ಐ. ಅಂತ ಮೊಹರು. ಡಿ ಅಂದರೆ ಡೀಲಕ್ಸ್ ಇರಬೇಕು ಅಂತ ನಾವು ಮಾತಾಡಿಕೊಂಡಿದ್ದೆವು. ತಲೆ ಎತ್ತಿ ಓದಿದ್ದರೆ ಆಗುತ್ತಿತ್ತು. ಊರೂರಿನ ಬೋರ್ಡು ಓದು ಅಂತ ಬಡಕೊಂಡ ಮನುಷ್ಯನ ಬೋರ್ಡನ್ನೇ ನಾನು ಓದಿರಲಿಲ್ಲ.

ಆಟೋದವನು ತಂದ ನೀರು ಕುಡಿದೆ. ಅಮ್ಮಾವ್ರೇ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಎಲ್ಲ ಹೇಳಿದರು. ಐನೋರು ಇಂಟರ್ನೆಟ್ಟಿನಲ್ಲಿ ಕೊಂಡ ಮೊದಲನೇ ಹೆಸರು ಅದು, ಮಾರುವುದಕ್ಕಲ್ಲ. ಶುಭ ಅಂತ ಹೆಂಡತಿಯ ಹೆಸರಿನಲ್ಲಿ, ಅವರ ಮಾಲೂರಿನ ತವರುಮನೆಯ ವಿಳಾಸದಲ್ಲಿ ಬರೆಸಿದ್ದರು. ಆ ತವರುಮನೆ ಮಾರಿ ಎಷ್ಟೋ ವರ್ಷವಾಯಿತು, ವಿಳಾಸ ಬದಲಾಯಿಸಲು ಮರೆತಿದ್ದರು. ಬಳಸದೆ ಬಿಟ್ಟ ಹೆಸರಿಗೆಲ್ಲ ಆ ಮಾರಾಟದ ಪುಟ ತಾನೇ ತಾನಾಗಿ ಬರುತ್ತದೆ, ಅದನ್ನು ಅವರು ಹಾಕಿದ್ದಲ್ಲ. ಕನ್ನಡ ಟೈಪಿಂಗ್ ಪಾಠಗಳನ್ನು ಮಾಡಿ ಆ ವಿಳಾಸದಲ್ಲಿ ಬಿಟ್ಟಿಯಾಗಿ ಇಡಬೇಕು, ಮತ್ತೆ ದಶಾಂಗುಲಿ ತೆರೆಯಬೇಕು ಅಂತ ಇತ್ತು. ಹದಿನೆಂಟು ಪಾಠ ಮುಗಿಸಿದ್ದರು. ಆಗ ನನ್ನ ದೂರು ಬಂತು.

ಮೊದಲ ದಿನ ಅವರಿಗೆ ರೋಷ ಬಂದಿತ್ತಂತೆ. ಇನ್‌ಸ್ಟಿಟ್ಯೂಟಿಗೆ ಇಲಾಖೆ ಕೊಟ್ಟ ಪರವಾನಗಿ, ಹಳೇ ಫೋಟೋ, ಮೊಹರು ಎಲ್ಲ ಅಟ್ಟದಿಂದ ಇಳಿಸಿದರಂತೆ. ಮೂವತ್ತು ವರ್ಷ ನಡೆಸಿದ್ದೀನಿ, ಒಂದೇ ಪೆಟ್ಟಿಗೆ ಗೆಲ್ತೀನಿ ಅಂದರಂತೆ. ನಿಜ, ಗೆಲ್ಲುತ್ತಿದ್ದರು. ಮೊದಲಿಂದ ಹೆಸರು ನಡೆಸಿಕೊಂಡು ಬಂದವನ ಮುಂದೆ ಮೊನ್ನೆ ಮೊನ್ನೆ ಸಿಕ್ಕ ಟ್ರೇಡ್‌ಮಾರ್ಕ್ ನಿಲ್ಲುವುದಿಲ್ಲ, ಇದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆಮೇಲೆ ಕೊನೇ ಪುಟಕ್ಕೆ ಬಂದರು. ಕೆಳಗೆ ನನ್ನ ಸಹಿ ಇತ್ತು.

‘ಇದು ಅವನ ಮೊದಲನೇ ಕೇಸು ಅಂದ್ರಪ್ಪ. ಮೊದಲನೇದು ನನ್ನ ಕೈಲೇ ಸೋತ್ರೆ ಹುಡುಗ ಎರಡನೇದು ಹಿಡಿಯಲ್ಲ ಅಂದ್ರು. ನಾನು ಜಗಳ ಆಡ್ದೆ. ಬೋರ್ಡ್ ಇಳಿಸಿದೋನು ನಾನೇ ಅಲ್ವೇನೇ, ಬೋರ್ಡ್ ಇಲ್ದೋನಿಗೆ ಹೆಸರೆಲ್ಲಿದು ಅಂದ್ರು. ಕಾಗದ ಎಲ್ಲ ಮತ್ತೆ ಅಟ್ಟಕ್ಕೆ ಹಾಕಿದ್ರು.’

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಐನೋರ ಮೇಲೇ ಸಿಟ್ಟು. ಒಂದು ಫೋನ್ ಮಾಡಬಾರದಿತ್ತೇ? ಅಯ್ಯೋ ದಡ್ಡ, ಇದು ನಾನು ಕಣೋ ಅನ್ನಬಾರದಿತ್ತೇ? ಬೋರ್ಡು ಇಳಿಸಿದ ಮಾತ್ರಕ್ಕೆ ಹೆಸರು ಹೋಗುತ್ತದೆ ಅಂತ ಯಾವ ಕಾನೂನಿನಲ್ಲಿದೆ? ಪಂಕ್ಚರ್ ಅಂಗಡಿಯವನಿಗಾಗಿ ಬಸ್ಸಿಂದ ಇಳಿದವರು ತಮಗಾಗಿ ಒಂದು ಕಾಗದ ಬರೆಯಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಷ್ಟೂ ದಾಖಲೆ ಇಟ್ಟುಕೊಂಡು, ನನ್ನ ಮುಂದೆ ಕೂತು ಮೈಸೂರು ಪಾಕ್ ತಿಂದರು! ಆ ತುಂಡು ಅವರ ಗಂಟಲಲ್ಲಿ ಹೇಗೆ ಇಳಿಯಿತೋ!

ಆಮೇಲೆ ಅಮ್ಮಾವ್ರ ಮುಖ ನೋಡಿದೆ. ಇಂಥ ಹೆಂಗಸು ಇರುವುದೇ ಅನುಮಾನ ಅಂತ ನಾನು ಓದಿದ್ದು ಇವರ ಮುಂದೆ. ತಪ್ಪಾಯ್ತಮ್ಮ ಅಂದೆ. ಅವರು ನನ್ನ ಕೈ ಹಿಡಿದು ಉಗುರು ನೋಡಿದರು, ನೋಡಿ ನಕ್ಕರು, ಮತ್ತೆ ಅತ್ತರು.

ಮೇಜು ತರಲಿಲ್ಲ. ಟ್ರಂಕು ತಂದೆ. ಮಾರನೇ ದಿನವೇ ಕಂಪನಿಗೆ ಪತ್ರ ಬರೆದು ಅವರ ವಕಾಲತ್ತು ಬಿಟ್ಟೆ. ಕಂಪನಿಯವರದ್ದೂ ತಪ್ಪಿಲ್ಲ, ಅವರು ಯಾರಿಂದಲೂ ಕದ್ದವರಲ್ಲ, ಓದಬೇಕಾಗಿದ್ದವನು ನಾನು. ಈಗ ಆ ಟ್ರೇಡ್‌ಮಾರ್ಕ್ ರದ್ದಾಗಬೇಕು, ಹೆಸರು ಅಮ್ಮಾವ್ರಿಗೆ ವಾಪಸ್ಸು ಬರಬೇಕು ಅಂತ ಅರ್ಜಿ ಸಿದ್ಧವಾಗುತ್ತಿದೆ. ಬಂದರೆ ಹದಿನೆಂಟು ಪಾಠವೂ ಅಲ್ಲಿ ಬರುತ್ತವೆ. ನಾನೇ ಒಂದು ಕಡೆ ವಾದಿಸಿದವನು, ಇನ್ನೊಂದು ಕಡೆಗೆ ನಿಲ್ಲುವ ಹಾಗಿಲ್ಲ. ಕೋಲಾರದಲ್ಲೇ ನನಗಿಂತ ಹಿರಿಯ ವಕೀಲೆ ಒಬ್ಬರಿದ್ದಾರೆ, ಅವರು ಕೇಸು ವಹಿಸಿಕೊಂಡರು. ನಾನು ಬರೀ ಸಾಕ್ಷಿ, ಹಳೇ ವಿದ್ಯಾರ್ಥಿ. ಹಳೇ ಕಕ್ಷಿದಾರನ ವಿರುದ್ಧ ಸಾಕ್ಷಿ ಹೇಳಿದ ವಕೀಲ ಅಂತ ನನ್ನ ಮೇಲೆ ದೂರು ಹೋಗುತ್ತದೆ, ವಕೀಲಿಕೆಯ ಸನ್ನದು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ನಿನ್ನೆ ಅಫಿಡವಿಟ್ ಬರೆಯಲು ನಾನೂ ಆ ವಕೀಲೆಯೂ ಅಮ್ಮಾವ್ರ ಮನೆಗೇ ಹೋದೆವು. ಅದೇ ಮೇಜು, ಅದೇ ಕಂಪ್ಯೂಟರು. ಅರ್ಜಿದಾರರ ಹೆಸರು ಅನ್ನುವಲ್ಲಿ ಅಮ್ಮಾವ್ರ ಹೆಸರು ಟೈಪ್ ಮಾಡಿದೆ. ಎರಡನೇ ಸಲ ಅವರ ಹೆಸರು ಟೈಪ್ ಮಾಡುತ್ತಿದ್ದೆ, ಆದರೆ ಅದು ಯಾರ ಹೆಸರು ಅಂತ ಗೊತ್ತಿದ್ದು ಟೈಪ್ ಮಾಡಿದ್ದು ಮೊದಲ ಸಲ. ಆಮೇಲೆ ನನ್ನ ಹೇಳಿಕೆ. ನಾನು ಸದರಿ ಸಂಸ್ಥೆಯಲ್ಲಿ ಒಂದು ವರ್ಷ ಕಲಿತಿರುತ್ತೇನೆ. ಸದರಿ ಸಂಸ್ಥೆಯ ಬೋರ್ಡನ್ನು ಪ್ರತಿದಿನವೂ, ಅನ್ನುವಲ್ಲಿಗೆ ಬಂದು ಕೈ ನಿಂತಿತು. ಹಿಂದೆ ನಿಂತಿದ್ದ ವಕೀಲೆ, ‘ಓದಿರುತ್ತೇನೆ ಅಂತ ಹಾಕಿ, ಆಗ ಕೇಸು ಗಟ್ಟಿಯಾಗತ್ತೆ’ ಅಂದರು. ಅವರು ಹೇಳಿದ್ದು ಸರಿ. ಪ್ರತಿದಿನ ಓದಿದ ಸಾಕ್ಷಿಗೂ ಬರೀ ನೋಡಿದ ಸಾಕ್ಷಿಗೂ ತುಂಬ ಅಂತರವಿದೆ, ಆ ಒಂದು ಪದದ ಮೇಲೆ ಐನೋರ ಹೆಸರು ವಾಪಸ್ಸು ಬರಲೂಬಹುದು. ನಾನು ಅಮ್ಮಾವ್ರ ಕಡೆ ತಿರುಗಿದೆ.

‘ಅವರಿದ್ದಿದ್ರೆ ಏನ್ ಹಾಕಿಸ್ತಿದ್ರೋ ಅದನ್ನ ಹಾಕಪ್ಪ’ ಅಂದರು.

ಪ್ರತಿದಿನವೂ ನೋಡಿರುತ್ತೇನೆ, ಒಂದು ದಿನವೂ ಓದಿರುವುದಿಲ್ಲ ಅಂತ ಟೈಪ್ ಮಾಡಿ, ಸಹಿ ಹಾಕಿ ಕೊಟ್ಟೆ.